ರೀಮಿಕ್ಸ್ ಓಎಸ್: ನಿಂತುಹೋದ ವ್ಯವಸ್ಥೆಯನ್ನು ಪೆನ್‌ಡ್ರೈವ್‌ನಿಂದ ನಡೆಸುವ, ಅದರೊಳಗಿನ ಫೈಲ್‌ಗಳನ್ನು ಹೊರತೆಗೆಯುವ ಕ್ರಮ

ಮೊಬೈಲ್ ಆ್ಯಪ್‌ಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಬೇರೆ ಬೇರೆ ವಿಂಡೋಗಳಲ್ಲಿ ತೆರೆದು, ಕೀಬೋರ್ಡ್ ಮತ್ತು ಮೌಸ್ ಹಿಡಿದು ಬಳಸುವಂತೆ ಮಾಡಿದ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ರೀಮಿಕ್ಸ್ ಓಎಸ್ ಬಹಳ ಜನರಿಗೆ ಪರಿಚಯವಾದ ಹೆಸರು. ಗೂಗಲ್‌ನಲ್ಲಿ ಕೆಲಸ ಮಾಡಿ ಹೊರಬಂದವರು 2014ರಲ್ಲಿ ಕಟ್ಟಿದ ಜಿಡೆ ಟೆಕ್ನಾಲಜಿ ಎಂಬ ಕಂಪನಿ ಇದನ್ನು ಮೊದಲು ತನ್ನದೇ ಟ್ಯಾಬ್ಲೆಟ್ ಮತ್ತು ಪುಟ್ಟ ಡಬ್ಬಿಯಂಥ ಕಂಪ್ಯೂಟರಿಗೆಂದು ರೂಪಿಸಿ, 2016ರ ಜನವರಿಯಲ್ಲಿ ಸಾಮಾನ್ಯ ಪಿಸಿಗಳಿಗೂ ಉಚಿತವಾಗಿ ಬಿಡುಗಡೆ ಮಾಡಿತು. ಆಂಡ್ರಾಯ್ಡನ್ನು ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳಿಗೆ ಹೊಂದಿಸುವ ಕೆಲಸವನ್ನು ಅದಕ್ಕೂ ಹಿಂದಿನಿಂದ ಮಾಡಿಕೊಂಡು ಬಂದಿದ್ದ ಆಂಡ್ರಾಯ್ಡ್-ಎಕ್ಸ್86 ಎಂಬ ಮುಕ್ತ ಯೋಜನೆಯೇ ಇದಕ್ಕೆ ತಳಹದಿ. 2017ರ ಜುಲೈನಲ್ಲಿ ಕಂಪನಿ ಸಾಮಾನ್ಯ ಬಳಕೆದಾರರಿಗಾಗಿ ಮಾಡುತ್ತಿದ್ದ ಕೆಲಸವನ್ನೆಲ್ಲ ನಿಲ್ಲಿಸಿ, ಉದ್ಯಮಗಳಿಗೆ ಬೇಕಾದ ಸೇವೆಗಳ ಕಡೆ ತಿರುಗುವುದಾಗಿ ಪ್ರಕಟಿಸಿತು. ಅಲ್ಲಿಂದೀಚೆಗೆ ರೀಮಿಕ್ಸ್ ಓಎಸ್‌ಗೆ ಹೊಸ ಆವೃತ್ತಿಯಿಲ್ಲ, ಭದ್ರತಾ ತಿದ್ದುಪಡಿಯೂ ಇಲ್ಲ.

ಹಾಗಿದ್ದರೂ ಇದರ ಅಗತ್ಯ ಕೆಲವರಿಗೆ ಇನ್ನೂ ಬೀಳುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಹಿಂದೆ ಹಾಕಿಕೊಂಡಿದ್ದ ರೀಮಿಕ್ಸ್‌ನೊಳಗೆ ಫೋಟೊಗಳೋ ಟಿಪ್ಪಣಿಗಳೋ ಉಳಿದುಹೋಗಿರಬಹುದು. ಹೊಸ ಆಂಡ್ರಾಯ್ಡ್‌ನಲ್ಲಿ ತೆರೆಯದ ಹಳೆಯ ಆ್ಯಪ್ ಒಂದರಲ್ಲಿ ಮಾತ್ರ ಓದಬಹುದಾದ ಫೈಲ್ ಕೈಯಲ್ಲಿರಬಹುದು. ಈ ಮಾರ್ಗದರ್ಶಿ ಅಂಥವರಿಗಾಗಿ. ದಿನನಿತ್ಯದ ಕೆಲಸಕ್ಕೆ, ಅದರಲ್ಲೂ ಹಣದ ವ್ಯವಹಾರಕ್ಕೆ, ಈ ವ್ಯವಸ್ಥೆಯನ್ನು ಬಳಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟು, ಇಂಟರ್ನೆಟ್ ಸಂಪರ್ಕ ಕೊಡದೆ, ಬೇಕಾದ ಕೆಲಸ ಮುಗಿಸಿಕೊಂಡು ತೆಗೆದಿಡುವುದೇ ಸರಿಯಾದ ಬಳಕೆ. ಮುಂದಿನ ಹಂತಗಳೆಲ್ಲ ಈ ನಿಲುವಿಗೆ ತಕ್ಕಂತೆ ಇವೆ.

ಇಂಟರ್ನೆಟ್ ಏಕೆ ಬೇಡ

ಪಿಸಿಗಾಗಿ ಬಂದ ರೀಮಿಕ್ಸ್ ಓಎಸ್‌ನ ಮೊದಲ ಆವೃತ್ತಿಗಳು ಆಂಡ್ರಾಯ್ಡ್ 5.1ರ ಮೇಲೂ 3.0 ಆವೃತ್ತಿ ಆಂಡ್ರಾಯ್ಡ್ 6.0ರ ಮೇಲೂ ನಿಂತಿವೆ. ಆಂಡ್ರಾಯ್ಡ್ 6.0 ಹೊರಬಂದದ್ದು 2015ರ ಅಕ್ಟೋಬರಿನಲ್ಲಿ. ಆಮೇಲೆ ಪತ್ತೆಯಾದ ಭದ್ರತಾ ದೋಷಗಳ ಪೈಕಿ 2017ರ ಮಧ್ಯಭಾಗದ ನಂತರದವು ಯಾವುವೂ ಇದರಲ್ಲಿ ಸರಿಯಾಗಿಲ್ಲ. ಅವುಗಳ ವಿವರ ಮಾತ್ರ ಹುಡುಕಿದವರಿಗೆಲ್ಲ ಸಿಗುವಂತಿದೆ.

ಇನ್ನೊಂದು ತೊಂದರೆ ಬ್ರೌಸರ್ ತೆರೆದ ಕೂಡಲೇ ಕಣ್ಣಿಗೆ ಬೀಳುತ್ತದೆ. ಸುರಕ್ಷಿತ ಸಂಪರ್ಕ ಬಳಸುವ ಪ್ರತಿ ಜಾಲತಾಣವೂ ತನ್ನ ಗುರುತಿಗಾಗಿ ಒಂದು ಪ್ರಮಾಣಪತ್ರ ತೋರಿಸುತ್ತದೆ; ಆ ಪತ್ರವನ್ನು ಕೊಟ್ಟ ಸಂಸ್ಥೆಯ ಮೂಲ ಪ್ರಮಾಣಪತ್ರ ನಮ್ಮ ಸಾಧನದಲ್ಲಿ ಮೊದಲೇ ಇದ್ದರೆ ಮಾತ್ರ ನಂಬಿಕೆ ಕುದುರುತ್ತದೆ. ಅಸಂಖ್ಯ ಜಾಲತಾಣಗಳಿಗೆ ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮೂಲಪತ್ರ ಆಂಡ್ರಾಯ್ಡ್‌ಗೆ ಸೇರಿದ್ದು 7.1.1 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಸಾಧನಗಳಿಗಾಗಿ ಮತ್ತೊಂದು ಸಂಸ್ಥೆಯ ಹಳೆಯ ಮೂಲಪತ್ರದ ಆಸರೆಯಲ್ಲಿ ಒಂದು ಸೇತುವೆ ಮಾಡಿಕೊಡಲಾಗಿತ್ತು. ಅದರ ಅವಧಿಯೂ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹೀಗಾಗಿ ರೀಮಿಕ್ಸ್‌ನೊಳಗಿನ ಬ್ರೌಸರಿನಲ್ಲಿ ಎಷ್ಟೋ ಜಾಲತಾಣಗಳು ಸುರಕ್ಷಿತವಲ್ಲ ಎಂಬ ಎಚ್ಚರಿಕೆಯೊಂದಿಗೆ ನಿಂತುಬಿಡುತ್ತವೆ. ಆ ಎಚ್ಚರಿಕೆಯನ್ನು ಲೆಕ್ಕಿಸದೆ ಮುಂದೆ ಒತ್ತುತ್ತಾ ಹೋಗುವ ಅಭ್ಯಾಸ ಮಾಡಿಕೊಳ್ಳಬೇಡಿ. ಇಂಟರ್ನೆಟ್ಟಿನಿಂದ ಬೇಕಾದದ್ದನ್ನೆಲ್ಲ ಇಂದಿನ ಕಂಪ್ಯೂಟರಿನಲ್ಲೇ ಇಳಿಸಿಕೊಂಡು ಪೆನ್‌ಡ್ರೈವ್ ಮೂಲಕ ಒಳಗೆ ಒಯ್ಯುವುದು ಸುಲಭವೂ ಹೌದು, ಕ್ಷೇಮವೂ ಹೌದು.

ಹಂತ 1: ಯಾವ ಕಂಪ್ಯೂಟರ್

ಈ ಕೆಲಸಕ್ಕೆ ಹೊಸ ಕಂಪ್ಯೂಟರಿಗಿಂತ ಹಳೆಯದೇ ವಾಸಿ. ರೀಮಿಕ್ಸ್‌ನೊಳಗಿನ ಲಿನಕ್ಸ್ ಕರ್ನೆಲ್ (ಯಂತ್ರದ ಭಾಗಗಳೊಡನೆ ವ್ಯವಹರಿಸುವ ತಿರುಳು) 2016ರ ಕಾಲದ್ದಾದ್ದರಿಂದ, ಅದಾದ ಮೇಲೆ ಬಂದ ವೈಫೈ ಚಿಪ್ಪುಗಳನ್ನೂ ಗ್ರಾಫಿಕ್ಸ್ ಭಾಗಗಳನ್ನೂ ಅದು ಗುರುತಿಸುವುದಿಲ್ಲ. 2010ರಿಂದ 2016ರೊಳಗಿನ, ಇಂಟೆಲ್ ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಅಡಕವಾಗಿರುವ ಲ್ಯಾಪ್‌ಟಾಪುಗಳಲ್ಲಿ ಇದು ತಕರಾರಿಲ್ಲದೆ ಏಳುವ ಸಾಧ್ಯತೆ ಹೆಚ್ಚು. ಎರಡು ಜಿಬಿ ರ್‍ಯಾಮ್ ಸಾಕು, ನಾಲ್ಕಿದ್ದರೆ ಒಳ್ಳೆಯದು. ಪೆನ್‌ಡ್ರೈವ್ ಎಂಟು ಜಿಬಿಗಿಂತ ಕಡಿಮೆಯದು ಬೇಡ, ಯುಎಸ್‌ಬಿ 3.0 ಆಗಿದ್ದು, ಬರೆಯುವ ವೇಗ ಚೆನ್ನಾಗಿರಲಿ. ನಿಧಾನವಾದ ಪೆನ್‌ಡ್ರೈವ್‌ನಲ್ಲಿ ಇಡೀ ವ್ಯವಸ್ಥೆಯೇ ತೆವಳುತ್ತದೆ, ಅದನ್ನು ಕಂಡವರು ತಪ್ಪನ್ನು ಕಂಪ್ಯೂಟರಿನ ಮೇಲೆ ಹೊರಿಸುತ್ತಾರೆ.

ವರ್ಚುವಲ್ ಮಷೀನ್‌ನಲ್ಲಿ, ಅಂದರೆ ಈಗಿರುವ ವ್ಯವಸ್ಥೆಯೊಳಗೇ ತಂತ್ರಾಂಶದಿಂದ ಕಟ್ಟಿದ ಕಂಪ್ಯೂಟರಿನಲ್ಲಿ, ನಡೆಸಬಹುದಲ್ಲ ಎಂದು ಕೇಳಬಹುದು. ನಡೆಸಬಹುದು, ಆದರೆ ಗ್ರಾಫಿಕ್ಸ್ ನೆರವು ಸಿಗದೆ ಪರದೆ ಕಪ್ಪಾಗಿ ನಿಲ್ಲುವುದೂ ಚಿತ್ರಗಳು ತಡವರಿಸುವುದೂ ಸಾಮಾನ್ಯ. ಒಂದು ಹಳೆಯ ಆ್ಯಪನ್ನು ತೆರೆದು ನೋಡುವಷ್ಟೇ ಕೆಲಸವಿದ್ದರೆ ಅಷ್ಟಕ್ಕೆ ಅದು ಸಾಕಾಗುತ್ತದೆ.

ಹಂತ 2: ಫೈಲ್ ಪಡೆದು ಪರೀಕ್ಷಿಸುವುದು

ಕಂಪನಿಯ ಡೌನ್‌ಲೋಡ್ ಪುಟ ಇಂದು ಇಲ್ಲ. ಈಗ ಸಿಗುವುದೆಲ್ಲ ಬೇರೆಯವರು ಉಳಿಸಿಟ್ಟ ಪ್ರತಿಗಳು. ಆದ್ದರಿಂದ ಇಳಿಸಿಕೊಂಡ ಪ್ರತಿ ಮೂಲದ್ದೇ ಎಂಬುದಕ್ಕೆ ಖಾತ್ರಿ ಬೇಕು. ಒಂದೇ ಕಡೆಯ ಪ್ರತಿಯನ್ನು ನಂಬಿ ಕೂರದೆ, ಸಂಬಂಧವಿಲ್ಲದ ಎರಡು ಸಂಗ್ರಹಗಳಿಂದ ಅದೇ ಆವೃತ್ತಿಯನ್ನು ಇಳಿಸಿ, ಎರಡರ ಹ್ಯಾಶ್ (ಫೈಲಿನ ಒಳಗಿನಿಂದ ಲೆಕ್ಕಹಾಕಿದ, ಅದರ ಬೆರಳಚ್ಚಿನಂಥ ಅಕ್ಷರಸಾಲು) ಹೋಲಿಸಿ ನೋಡಿ. ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಎಂಬ, ಜಿಪ್ ಮುಂತಾದ ಫೈಲ್‌ಗಳನ್ನು ತೆರೆಯುವ ತಂತ್ರಾಂಶ ಇದ್ದರೆ ಫೈಲ್ ಮೇಲೆ ಬಲ ಕ್ಲಿಕ್ ಮಾಡಿದಾಗ ಕಾಣುವ ಪಟ್ಟಿಯಲ್ಲೇ ಹ್ಯಾಶ್ ಲೆಕ್ಕ ಹಾಕುವ ಆಯ್ಕೆ ಇರುತ್ತದೆ. ಒಂದಕ್ಷರ ವ್ಯತ್ಯಾಸವಿದ್ದರೂ ಎರಡನ್ನೂ ಬಳಸಬೇಡಿ. ಹಳೆಯ ತಂತ್ರಾಂಶ ಸಂಗ್ರಹಗಳಲ್ಲಿ ಅಂದಿನ ಕಂಪನಿಯೇ ಪ್ರಕಟಿಸಿದ್ದ ಹ್ಯಾಶ್ ಉಳಿದಿದ್ದರೆ ಅದರೊಂದಿಗೂ ತಾಳೆ ನೋಡಬಹುದು.

ಇಳಿಸಿಕೊಂಡ ಪೊಟ್ಟಣದಲ್ಲಿ ಸಾಮಾನ್ಯವಾಗಿ ಎರಡು ಮುಖ್ಯ ಸಂಗತಿಗಳಿರುತ್ತವೆ: ಒಂದು ಐಎಸ್‌ಒ ಫೈಲ್ (ಇಡೀ ವ್ಯವಸ್ಥೆಯನ್ನು ಒಂದೇ ಫೈಲಾಗಿ ಕಟ್ಟಿದ್ದು), ಇನ್ನೊಂದು ವಿಂಡೋಸ್‌ನಲ್ಲಿ ನಡೆಸುವ ಇನ್‌ಸ್ಟಾಲ್ ಸಾಧನ. ಈ ಸಾಧನವನ್ನು ಮುಟ್ಟಬೇಡಿ. ಎಲ್ಲೆಲ್ಲೋ ಸುತ್ತಿ ಬಂದ ಪ್ರೋಗ್ರಾಮಿಗೆ ನಿಮ್ಮ ಮುಖ್ಯ ಕಂಪ್ಯೂಟರಿನಲ್ಲಿ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡುವುದು ಐಎಸ್‌ಒ ಬರೆಯುವುದಕ್ಕಿಂತ ಎಷ್ಟೋ ಪಾಲು ಅಪಾಯದ ಕೆಲಸ. ಮೇಲಾಗಿ, ಅದರಲ್ಲಿ ಹಾರ್ಡ್ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡುವ ಆಯ್ಕೆ ಒಂದು ಕ್ಲಿಕ್ಕಿನಷ್ಟೇ ದೂರದಲ್ಲಿರುತ್ತದೆ.

ಹಂತ 3: ಪೆನ್‌ಡ್ರೈವ್‌ಗೆ ಬರೆಯುವುದು

ರೂಫಸ್ ಎಂಬ ಸಣ್ಣ ತಂತ್ರಾಂಶ ಇದಕ್ಕೆ ಸಾಕು. ಪೆನ್‌ಡ್ರೈವ್‌ನಲ್ಲಿರುವ ಎಲ್ಲವೂ ಅಳಿಸಿಹೋಗುವುದರಿಂದ ಮೊದಲು ಅದನ್ನು ಖಾಲಿ ಮಾಡಿಕೊಳ್ಳಿ. ರೂಫಸ್ ತೆರೆದು ಪೆನ್‌ಡ್ರೈವ್ ಆರಿಸಿ, ಐಎಸ್‌ಒ ಫೈಲ್ ತೋರಿಸಿ, ಫೈಲ್ ಸಿಸ್ಟಮ್ ಎಂಬಲ್ಲಿ ಫ್ಯಾಟ್32 ಇರಲಿ. ಐಎಸ್‌ಒ ಬಗೆಯಲ್ಲಿ ಬರೆಯಬೇಕೇ ಡಿಡಿ ಬಗೆಯಲ್ಲೇ ಎಂದು ಅದು ಕೇಳಿದರೆ ಐಎಸ್‌ಒ ಬಗೆಯನ್ನೇ ಆರಿಸಿ. ಹಾಗೆ ಬರೆದರೆ ಪೆನ್‌ಡ್ರೈವ್‌ನ ಒಳಗನ್ನು ವಿಂಡೋಸ್‌ನಲ್ಲಿಯೂ ತೆರೆದು ನೋಡಬಹುದು.

ಹಂತ 4: ಸೆಕ್ಯೂರ್ ಬೂಟ್, ಮತ್ತು ಅದಕ್ಕೂ ಮೊದಲು ಮಾಡಬೇಕಾದ ಎರಡು ಕೆಲಸ

ರೀಮಿಕ್ಸ್ ಓಎಸ್ ಏಳಬೇಕಾದರೆ ಕಂಪ್ಯೂಟರಿನ ಸೆಕ್ಯೂರ್ ಬೂಟನ್ನು (ಮಾನ್ಯ ಸಹಿಯಿಲ್ಲದ ವ್ಯವಸ್ಥೆಗಳು ಏಳದಂತೆ ತಡೆಯುವ ಕಾವಲು) ಆಫ್ ಮಾಡಿರಬೇಕು. ಇಲ್ಲಿ ಅವಸರ ಬೇಡ. ವಿಂಡೋಸ್‌ನ ಡಿಸ್ಕ್ ಅದರದೇ ಬಿಟ್‌ಲಾಕರ್ ಸೌಲಭ್ಯದಿಂದ ಗೂಢಲಿಪಿಗೊಂಡಿದ್ದರೆ, ಸೆಕ್ಯೂರ್ ಬೂಟ್ ಆಫ್ ಮಾಡಿದ ನಂತರ ವಿಂಡೋಸ್ ತೆರೆಯುವಾಗ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಕೈಯಲ್ಲಿಲ್ಲದಿದ್ದರೆ ಡಿಸ್ಕಿನಲ್ಲಿರುವುದೆಲ್ಲ ಕೈತಪ್ಪಿದಂತೆಯೇ. ಎಷ್ಟೋ ಕಂಪ್ಯೂಟರುಗಳಲ್ಲಿ ಈ ಗೂಢಲಿಪೀಕರಣ ಬಳಕೆದಾರರ ಅರಿವಿಗೇ ಬಾರದಂತೆ ತಾನಾಗಿ ಜಾರಿಯಲ್ಲಿರುತ್ತದೆ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಅದು ಇದೆಯೇ ಎಂದು ನೋಡಿ, ಇದ್ದರೆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ನಂತರವೇ ಮುಂದುವರಿಯಿರಿ.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಜಾರಿಯಲ್ಲಿದ್ದರೆ ಶಟ್ ಡೌನ್ ಒತ್ತಿದಾಗಲೂ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿ ಉಳಿಯುತ್ತದೆ. ಆ ಸ್ಥಿತಿಯಲ್ಲಿ ಬೇರೊಂದು ವ್ಯವಸ್ಥೆ ವಿಂಡೋಸ್‌ನ ಡಿಸ್ಕಿನಲ್ಲಿ ಏನಾದರೂ ಬರೆದರೆ ಫೈಲ್‌ಗಳು ಹಾಳಾಗಬಹುದು. ಶಿಫ್ಟ್ ಕೀ ಒತ್ತಿ ಹಿಡಿದು ಶಟ್ ಡೌನ್ ಮಾಡಿದರೆ ವಿಂಡೋಸ್ ಪೂರ್ಣವಾಗಿ ಮುಚ್ಚಿಕೊಳ್ಳುತ್ತದೆ.

ಇವೆರಡೂ ಆದ ಮೇಲೆ ಕಂಪ್ಯೂಟರ್ ಚಾಲೂ ಮಾಡುವಾಗ ಎಫ್2, ಡಿಲೀಟ್ ಅಥವಾ ಎಸ್ಕೇಪ್ ಕೀ ಒತ್ತಿ (ತಯಾರಕರನ್ನು ಅವಲಂಬಿಸಿ ಇದು ಬದಲಾಗುತ್ತದೆ) ಬಯೋಸ್ ಪುಟಕ್ಕೆ, ಅಂದರೆ ಯಂತ್ರದ ಮೂಲ ಹೊಂದಾಣಿಕೆಗಳ ಪುಟಕ್ಕೆ, ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ. ಅದೇ ಪುಟದಲ್ಲಿ ದಿನಾಂಕವನ್ನೂ ನೋಡಿ. ಹಳೆಯ ಕಂಪ್ಯೂಟರುಗಳಲ್ಲಿ ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಸತ್ತು ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಮೇಲೆ ಉಳಿಸುವ ಫೈಲ್‌ಗಳ ಮೇಲೂ ಅದೇ ತಪ್ಪು ದಿನಾಂಕ ಕೂತುಬಿಡುತ್ತದೆ.

ಹಂತ 5: ಬೂಟ್ ಮಾಡುವುದು

ಪೆನ್‌ಡ್ರೈವ್ ಚುಚ್ಚಿ, ಬೂಟ್ ಪಟ್ಟಿಯಿಂದ (ಬಹುಪಾಲು ಎಫ್12) ಅದನ್ನೇ ಆರಿಸಿದರೆ ಎರಡು ಆಯ್ಕೆಗಳು ಕಾಣುತ್ತವೆ: ಗೆಸ್ಟ್ ಮೋಡ್ ಮತ್ತು ರೆಸಿಡೆಂಟ್ ಮೋಡ್. ಗೆಸ್ಟ್ ಮೋಡ್‌ನಲ್ಲಿ ಮಾಡಿದ್ದೆಲ್ಲ ಕಂಪ್ಯೂಟರ್ ಆಫ್ ಮಾಡಿದ ಕೂಡಲೇ ಅಳಿಸಿಹೋಗುತ್ತದೆ. ರೆಸಿಡೆಂಟ್ ಮೋಡ್‌ನಲ್ಲಿ ಆ್ಯಪ್‌ಗಳೂ ಫೈಲ್‌ಗಳೂ ಪೆನ್‌ಡ್ರೈವ್‌ನಲ್ಲೇ ಉಳಿಯುತ್ತವೆ. ಮೊದಲ ಸಲ ಬಳಸುವಾಗ ಗೆಸ್ಟ್ ಮೋಡ್ ಆರಿಸಿ, ಪರದೆ, ಕೀಬೋರ್ಡ್, ಧ್ವನಿ ಎಲ್ಲ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಿ. ನಾನೊಮ್ಮೆ ಯಾವ ಮೋಡ್‌ನಲ್ಲಿದ್ದೇನೆ ಎಂಬುದನ್ನು ಗಮನಿಸದೆ ಹಳೆಯ ಆ್ಯಪೊಂದರಿಂದ ಹೊರತೆಗೆದ ಟಿಪ್ಪಣಿಗಳನ್ನು ಗೆಸ್ಟ್ ಮೋಡ್‌ನ ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿಸಿ ಕಂಪ್ಯೂಟರ್ ಆಫ್ ಮಾಡಿಬಿಟ್ಟೆ; ಒಂದು ಸಂಜೆಯ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಅಂದಿನಿಂದ ಎರಡನೆಯ ಪೆನ್‌ಡ್ರೈವ್ ಚುಚ್ಚಿಕೊಂಡೇ ಕೂರುತ್ತೇನೆ, ಉಳಿಸಬೇಕಾದದ್ದನ್ನು ನೇರವಾಗಿ ಅದರಲ್ಲೇ ಉಳಿಸುತ್ತೇನೆ. ನೀವೂ ಹಾಗೇ ಮಾಡಿ.

ಆಯ್ಕೆಯ ನಂತರ ಕಪ್ಪು ಪರದೆಯ ಮೇಲೆ, ವ್ಯವಸ್ಥೆಯ ಫೈಲ್‌ಗಳನ್ನು ಹುಡುಕುತ್ತಿರುವುದಾಗಿ ಹೇಳುವ ಸಾಲೊಂದು ಬರುತ್ತದೆ. ಸಿಕ್ಕಿದರೆ ಅದು ಮುಂದಕ್ಕೆ ಸಾಗುತ್ತದೆ. ಆ ಸಾಲಿನಲ್ಲಿ ಚುಕ್ಕಿಗಳು ಮಾತ್ರ ಬೆಳೆಯುತ್ತಾ ಹೋದರೆ ಪೆನ್‌ಡ್ರೈವನ್ನು ಅದು ಕಾಣುತ್ತಿಲ್ಲ ಎಂದರ್ಥ. ಬೇರೆ ಪೋರ್ಟಿಗೆ, ಅದರಲ್ಲೂ ಯುಎಸ್‌ಬಿ 2.0 ಪೋರ್ಟಿಗೆ ಬದಲಿಸಿ ನೋಡಿ. ಇದಾದ ಮೇಲೂ ಪರದೆ ಪೂರ್ತಿ ಕಪ್ಪಾಗಿ ಉಳಿದರೆ ದೋಷ ಗ್ರಾಫಿಕ್ಸ್‌ನದು. ರೆಸಿಡೆಂಟ್ ಮೋಡ್‌ನ ಮೊದಲ ಬೂಟ್ ಮಾತ್ರ ಬಹಳ ಹೊತ್ತು ಹಿಡಿಯುತ್ತದೆ, ಏಕೆಂದರೆ ಫೈಲ್‌ಗಳನ್ನು ಇಡುವ ಜಾಗವನ್ನು ಅದು ಆಗಷ್ಟೇ ಸಿದ್ಧಪಡಿಸಿಕೊಳ್ಳುತ್ತಿರುತ್ತದೆ. ನಡುವೆ ಆಫ್ ಮಾಡಬೇಡಿ.

ಆರಂಭದ ಪ್ರಶ್ನೆಗಳಲ್ಲಿ ವೈಫೈ ಕೇಳಿದಾಗ ಬಿಟ್ಟು ಮುಂದೆ ಹೋಗಿ. ಗೂಗಲ್ ಖಾತೆಯನ್ನು ಸೇರಿಸಬೇಡಿ.

ಹಂತ 6: ಹಳೆಯ ಆ್ಯಪನ್ನು ಒಳಗೆ ತಂದು ನಡೆಸುವುದು

ಒಳಗೆ ಬಂದರೆ ಕೆಳಗೆ ಟಾಸ್ಕ್‌ಬಾರ್, ಎಡಮೂಲೆಯಲ್ಲಿ ಸ್ಟಾರ್ಟ್ ಪಟ್ಟಿ, ಹಿಗ್ಗಿಸಲೂ ಕುಗ್ಗಿಸಲೂ ಬರುವ ವಿಂಡೋಗಳು ಕಾಣುತ್ತವೆ. ಆಂಡ್ರಾಯ್ಡ್ 6ರ ಮೇಲೆ ಇಷ್ಟು ಅಚ್ಚುಕಟ್ಟಾಗಿ ಡೆಸ್ಕ್‌ಟಾಪ್ ಕಟ್ಟಿದ್ದರಲ್ಲ ಎಂದು ಇಂದಿಗೂ ಮೆಚ್ಚುಗೆಯಾಗುತ್ತದೆ. ಇದು ನಿಂತುಹೋದದ್ದು ನನಗೆ ನಿಜವಾಗಿಯೂ ಬೇಸರ ತಂದ ಸಂಗತಿ.

ಆ್ಯಪ್ ಹಾಕಲು ಅದರ ಎಪಿಕೆ ಫೈಲ್, ಅಂದರೆ ಆಂಡ್ರಾಯ್ಡ್ ಆ್ಯಪಿನ ಇನ್‌ಸ್ಟಾಲ್ ಪೊಟ್ಟಣ, ಬೇಕು. ಅದನ್ನು ಎರಡನೆಯ ಪೆನ್‌ಡ್ರೈವ್‌ಗೆ ಹಾಕುವ ಮೊದಲು, ಇಂದಿನ ಕಂಪ್ಯೂಟರಿನಲ್ಲೇ ಒಂದು ಪರೀಕ್ಷೆ ಮಾಡಿ. ಎಪಿಕೆ ಎಂದರೆ ಮೂಲತಃ ಒಂದು ಜಿಪ್ ಫೈಲ್. ಸೆವೆನ್-ಜಿಪ್‌ನಲ್ಲಿ ತೆರೆದರೆ ಒಳಗಿನ ಫೋಲ್ಡರುಗಳು ಕಾಣುತ್ತವೆ. ಅವುಗಳಲ್ಲಿ ‘ಲಿಬ್’ ಎಂಬ ಫೋಲ್ಡರ್ ಇದೆಯೇ ನೋಡಿ. ಇಲ್ಲದಿದ್ದರೆ ಆ ಆ್ಯಪ್ ಯಾವ ಪ್ರೊಸೆಸರಿಗೂ ಕಟ್ಟುಬಿದ್ದಿಲ್ಲ. ಇದ್ದು, ಅದರೊಳಗೆ ಎಕ್ಸ್86 ಎಂಬ ಹೆಸರಿನ ಉಪಫೋಲ್ಡರ್ ಕಂಡರೆ ಅದು ಪಿಸಿಯ ಪ್ರೊಸೆಸರಿನಲ್ಲಿ ನೇರವಾಗಿ ಓಡುತ್ತದೆ. ಆರ್ಮ್ ಎಂದು ಶುರುವಾಗುವ ಹೆಸರುಗಳು ಮಾತ್ರ ಇದ್ದರೆ ಅದು ಫೋನಿನ ಪ್ರೊಸೆಸರಿಗಾಗಿಯೇ ಬರೆದದ್ದು. ಅಂಥದ್ದನ್ನು ಓಡಿಸಲು ಇಂಟೆಲ್ ರೂಪಿಸಿದ ಹೌದಿನಿ ಎಂಬ ಅನುವಾದಕ ಪದರವನ್ನು ಅವಲಂಬಿಸಬೇಕಾಗುತ್ತದೆ. ಸಣ್ಣ ಆ್ಯಪ್‌ಗಳು ಅದರ ಮೂಲಕ ಚೆನ್ನಾಗಿಯೇ ನಡೆಯುತ್ತವೆ, ದೊಡ್ಡ ಆಟಗಳು ಮುಗ್ಗರಿಸುವುದುಂಟು. ಈ ಎರಡು ನಿಮಿಷದ ಪರೀಕ್ಷೆಯಿಂದ ಆ್ಯಪ್ ತೆರೆದ ಕೂಡಲೇ ಏಕೆ ಮುಚ್ಚಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಎಷ್ಟೋ ಸಲ ಮೊದಲೇ ಉತ್ತರ ಸಿಗುತ್ತದೆ.

ಆಮೇಲೆ ರೀಮಿಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ವಿಭಾಗಕ್ಕೆ ಹೋಗಿ ಅಪರಿಚಿತ ಮೂಲಗಳಿಂದ ಆ್ಯಪ್ ಹಾಕಲು ಅನುಮತಿ ಕೊಡಿ, ಫೈಲ್ ಮ್ಯಾನೇಜರಿನಲ್ಲಿ ಪೆನ್‌ಡ್ರೈವ್ ತೆರೆದು ಎಪಿಕೆ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಹೊಸ ಆ್ಯಪ್‌ಗಳನ್ನು ಹಾಕಲು ಹೋಗಬೇಡಿ. ಅವುಗಳಲ್ಲಿ ಹೆಚ್ಚಿನವು ಆಂಡ್ರಾಯ್ಡ್ 6ನ್ನು ಒಪ್ಪುವುದಿಲ್ಲ.

ಕೆಲಸ ಮುಗಿಸಿ ವಿಂಡೋಸ್‌ಗೆ ಮರಳಿದಾಗ ಗಡಿಯಾರ ಕೆಲವು ಗಂಟೆ ಹಿಂದೆ ಮುಂದೆ ಆಗಿರಬಹುದು. ಯಂತ್ರದ ಗಡಿಯಾರದಲ್ಲಿ ಸ್ಥಳೀಯ ಸಮಯವಿದೆ ಎಂದು ವಿಂಡೋಸ್ ಭಾವಿಸುತ್ತದೆ, ಲಿನಕ್ಸ್ ಮೂಲದ ವ್ಯವಸ್ಥೆಗಳು ಜಾಗತಿಕ ಸಮಯವಿದೆ ಎಂದು ಭಾವಿಸುತ್ತವೆ. ವಿಂಡೋಸ್‌ನಲ್ಲಿ ಸಮಯವನ್ನು ಒಮ್ಮೆ ಸಿಂಕ್ ಮಾಡಿದರೆ ಸರಿಹೋಗುತ್ತದೆ.

ಹಂತ 7: ಹಳೆಯ ಇನ್‌ಸ್ಟಾಲೇಷನ್‌ನಿಂದ ಫೈಲ್‌ಗಳನ್ನು ಹೊರತೆಗೆಯುವುದು

ಹಿಂದೆ ಹಾರ್ಡ್ ಡಿಸ್ಕ್‌ನಲ್ಲೇ ರೀಮಿಕ್ಸ್ ಹಾಕಿಕೊಂಡಿದ್ದವರಿಗೆ ಈ ಹಂತವೇ ಮುಖ್ಯ. ಆ ವ್ಯವಸ್ಥೆ ಇನ್ನೂ ಬೂಟ್ ಆಗುತ್ತಿದ್ದರೆ ಒಳಗೆ ಹೋಗಿ ಬೇಕಾದದ್ದನ್ನು ಪೆನ್‌ಡ್ರೈವ್‌ಗೆ ನಕಲು ಮಾಡುವುದೇ ಹತ್ತಿರದ ದಾರಿ. ಟಿಪ್ಪಣಿ, ಸಂಪರ್ಕಗಳಂಥ ಆ್ಯಪ್‌ಗಳಲ್ಲಿ ರಫ್ತು ಮಾಡುವ ಆಯ್ಕೆ ಇದ್ದರೆ ಈಗಲೇ ಬಳಸಿಕೊಳ್ಳಿ, ಏಕೆಂದರೆ ಆ್ಯಪ್‌ನ ಒಳಗಿನ ದತ್ತಾಂಶವನ್ನು ಹೊರಗಿನಿಂದ ಓದುವುದು ಬಲು ಕಷ್ಟ.

ಬೂಟ್ ಆಗದಿದ್ದರೂ ಆಸೆ ಬಿಡಬೇಕಿಲ್ಲ. ವಿಂಡೋಸ್‌ನ ಡ್ರೈವ್‌ನಲ್ಲಿ ರೀಮಿಕ್ಸ್ ಓಎಸ್ ಹೆಸರಿನ ಫೋಲ್ಡರ್ ಇದ್ದು, ಅದರೊಳಗೆ ‘ಡೇಟಾ’ ಎಂಬ ಹೆಸರಿನ, ‘ಐಎಂಜಿ’ ಎಂದು ಕೊನೆಗೊಳ್ಳುವ, ಹಲವು ಜಿಬಿಗಳಷ್ಟು ದೊಡ್ಡ ಫೈಲ್ ಸಿಗುತ್ತದೆ. ನಿಮ್ಮ ಆ್ಯಪ್‌ಗಳು, ಫೋಟೊಗಳು, ಡೌನ್‌ಲೋಡ್‌ಗಳು ಎಲ್ಲವೂ ಇದೊಂದರಲ್ಲೇ ಇವೆ. ಮೊದಲು ಅದರ ಒಂದು ನಕಲನ್ನು ಬೇರೆ ಡಿಸ್ಕಿಗೆ ಮಾಡಿಕೊಂಡು, ಮೂಲವನ್ನು ಮುಟ್ಟದೆ ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಇದು ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಯ ಡಿಸ್ಕ್ ಪ್ರತಿಬಿಂಬ. ವಿಂಡೋಸ್‌ಗೆ ನೇರವಾಗಿ ಅರ್ಥವಾಗದಿದ್ದರೂ ಸೆವೆನ್-ಜಿಪ್ ಇದನ್ನು ತೆರೆಯುತ್ತದೆ. ತೆರೆದ ಮೇಲೆ ‘ಮೀಡಿಯಾ’ ಎಂಬ ಫೋಲ್ಡರಿಗೆ, ಅದರೊಳಗಿನ ಸೊನ್ನೆ ಎಂಬ ಅಂಕಿಯೇ ಹೆಸರಾಗಿರುವ ಫೋಲ್ಡರಿಗೆ ಹೋಗಿ. ಡೌನ್‌ಲೋಡ್, ಪಿಕ್ಚರ್ಸ್, ಡಿಸಿಐಎಂ ಎಂಬ ಪರಿಚಿತ ಹೆಸರುಗಳು ಅಲ್ಲಿ ಕಾಣುತ್ತವೆ. ಅವನ್ನು ಎಳೆದು ಹೊರಗೆ ಹಾಕಿಕೊಂಡು, ಒಂದೆರಡು ಫೋಟೊ ತೆರೆದು ನೋಡಿ. ಸೆವೆನ್-ಜಿಪ್‌ನಲ್ಲಿ ತೆರೆಯದಿದ್ದರೆ ಯಾವುದಾದರೂ ಲಿನಕ್ಸ್‌ನ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ನಡೆಯುವಂಥದ್ದು) ಬೂಟ್ ಮಾಡಿ, ಅದೇ ಫೈಲನ್ನು ಓದಲು ಮಾತ್ರ ಎಂಬ ಆಯ್ಕೆಯಲ್ಲಿ ಮೌಂಟ್ ಮಾಡಬಹುದು, ಅಂದರೆ ಒಂದು ಡಿಸ್ಕಿನಂತೆ ತೆರೆಯಬಹುದು.

ಹಂತ 8: ತೆಗೆದುಹಾಕುವುದು

ಎಲ್ಲ ಹೊರಬಂತು ಎಂದು ಖಾತ್ರಿಯಾದ ಮೇಲೆ, ಇನ್‌ಸ್ಟಾಲ್ ಆದಾಗ ಬಂದ ಅನ್‌ಇನ್‌ಸ್ಟಾಲ್ ಸಾಧನ ಆ ಫೋಲ್ಡರಿನಲ್ಲಿದ್ದರೆ ಅದನ್ನು ನಡೆಸಿ. ಇಲ್ಲದಿದ್ದರೆ ಮೊದಲು ಬೂಟ್ ಪಟ್ಟಿಯಲ್ಲಿ ವಿಂಡೋಸ್ ಮೊದಲ ಸ್ಥಾನದಲ್ಲಿರುವಂತೆ ಬಯೋಸ್‌ನಲ್ಲಿ ಬದಲಿಸಿ, ವಿಂಡೋಸ್ ತಾನಾಗಿ ಏಳುತ್ತದೆ ಎಂದು ಎರಡು ಸಲ ನೋಡಿಕೊಂಡು, ಅನಂತರ ಫೋಲ್ಡರನ್ನು ಅಳಿಸಿ. ಈ ಕ್ರಮ ತಪ್ಪಿ ಫೋಲ್ಡರನ್ನೇ ಮೊದಲು ಅಳಿಸಿದರೆ ಕಂಪ್ಯೂಟರ್ ಇಲ್ಲದ ವ್ಯವಸ್ಥೆಯನ್ನು ಹುಡುಕುತ್ತಾ ಬೂಟ್ ಪರದೆಯಲ್ಲೇ ನಿಲ್ಲಬಹುದು. ಕೊನೆಗೆ ಸೆಕ್ಯೂರ್ ಬೂಟನ್ನು ಮತ್ತೆ ಚಾಲೂ ಮಾಡಲು ಮರೆಯಬೇಡಿ.

ಇದರ ಬದಲಿಗೆ ಯಾವುದು

ಕಂಪ್ಯೂಟರಿನಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳು ನಿತ್ಯವೂ ಬೇಕೆನ್ನುವವರು, ಇನ್ನೂ ಪೋಷಣೆಯಲ್ಲಿರುವ ಯೋಜನೆಯನ್ನು ಆರಿಸಿಕೊಳ್ಳಬೇಕು. ಹೆಸರು ದೊಡ್ಡದಾದ ಮಾತ್ರಕ್ಕೆ ಬಾಳಿಕೆ ಹೆಚ್ಚೆಂದು ತಿಳಿಯುವಂತಿಲ್ಲ: ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆಂದು 2021ರಲ್ಲಿ ಪ್ರಕಟಿಸಿದ ಆಂಡ್ರಾಯ್ಡ್ ಉಪವ್ಯವಸ್ಥೆಗೂ 2025ರ ಮಾರ್ಚ್ 5ಕ್ಕೆ ಬೆಂಬಲ ಮುಗಿಯಿತು. ಲಿನಕ್ಸ್ ಬಳಸುವವರಿಗೆ ವೇಡ್ರಾಯ್ಡ್ ನನ್ನ ಮೊದಲ ಸಲಹೆ. ಲಿನೇಜ್ ಓಎಸ್ (ಆಂಡ್ರಾಯ್ಡ್‌ನ ಒಂದು ಮುಕ್ತ ರೂಪ) ಆಧಾರಿತ ಆಂಡ್ರಾಯ್ಡನ್ನು ಅದು ಕಂಟೇನರಿನಲ್ಲಿ, ಅಂದರೆ ಲಿನಕ್ಸ್‌ನೊಳಗೇ ಪ್ರತ್ಯೇಕವಾಗಿಟ್ಟ ಆವರಣದಲ್ಲಿ, ನಡೆಸುತ್ತದೆ, ಆದರೆ ಡೆಸ್ಕ್‌ಟಾಪ್ ವೇಲ್ಯಾಂಡ್ (ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆ) ಮೇಲೆ ಓಡುತ್ತಿರಬೇಕು. ಇಡೀ ಕಂಪ್ಯೂಟರನ್ನೇ ಆಂಡ್ರಾಯ್ಡ್‌ಗೆ ಬಿಟ್ಟುಕೊಡಲು ಸಿದ್ಧರಿರುವವರು, ಅದೇ ಆಂಡ್ರಾಯ್ಡ್-ಎಕ್ಸ್86 ಬೇರಿನಿಂದ ಬೆಳೆದ ಬ್ಲಿಸ್ ಓಎಸ್ ನೋಡಬಹುದು. ಒಂದೆರಡು ಆ್ಯಪ್‌ಗಳನ್ನು ಪರೀಕ್ಷಿಸುವಷ್ಟೇ ಅಗತ್ಯವಿದ್ದರೆ ಆ್ಯಪ್ ರೂಪಿಸುವವರು ಬಳಸುವ ಆಂಡ್ರಾಯ್ಡ್ ಸ್ಟುಡಿಯೋದೊಂದಿಗೆ ಬರುವ ಎಮ್ಯುಲೇಟರ್ (ಫೋನನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ) ಸಾಕು. ಅದರಲ್ಲಿ ಬೇಕಾದ ಆಂಡ್ರಾಯ್ಡ್ ಆವೃತ್ತಿಯನ್ನು ಆರಿಸಿಕೊಳ್ಳಲು ಬರುವುದರಿಂದ, ಹಳೆಯ ಆ್ಯಪ್ ತೆರೆಯಲೆಂದೇ ರೀಮಿಕ್ಸ್ ಹುಡುಕುತ್ತಿರುವವರು ಮೊದಲು ಇದನ್ನೇ ಪ್ರಯತ್ನಿಸುವುದು ಮೇಲು. ಹಳೆಯ ಲ್ಯಾಪ್‌ಟಾಪಿಗೆ ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಹಾಕಿದರೆ ಆಂಡ್ರಾಯ್ಡ್ ಆ್ಯಪ್‌ಗಳೂ ಬರುತ್ತವೆ ಎಂಬ ತಿಳಿವಳಿಕೆ ಹಲವರಲ್ಲಿದೆ, ಅದು ತಪ್ಪು. ಆ ಸೌಲಭ್ಯ ಕ್ರೋಮ್‌ಬುಕ್‌ಗಳ ಕ್ರೋಮ್ ಓಎಸ್‌ನಲ್ಲಿದೆಯೇ ಹೊರತು ಫ್ಲೆಕ್ಸ್‌ನಲ್ಲಿಲ್ಲ. ಯಾವುದನ್ನೇ ಆರಿಸಿದರೂ, ಅದು ಕೊನೆಯ ಬಾರಿ ನವೀಕರಣ ಕಂಡ ದಿನಾಂಕವನ್ನು ಯೋಜನೆಯ ಬಿಡುಗಡೆ ಪುಟದಲ್ಲಿ ನೋಡಿಕೊಂಡ ನಂತರವೇ ಡೌನ್‌ಲೋಡ್ ಒತ್ತಿರಿ.